ನೀಲಿ ಚೌಕಳಿ ತೇಪೆ

"ಅವರ ಪ್ಯಾಂಟಿನ ಹಿಂದೆ ಇದೇ ಬಟ್ಟೆ ಕೂತಿದೆ ಅಂತ ಅವರಿಗೇ ಗೊತ್ತಿಲ್ಲ ಕಣೆ," ಎಂದಳು ಚಿಕ್ಕಮ್ಮ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ಬೀಳದ ಹಾಗೆ ನಗುತ್ತ.

ಕಡ್ಡಿ ಮೇಜಿನ ಮೇಲೆ ಹರಡಿದ್ದ ನೀಲಿ ಚೌಕಳಿ ಬಟ್ಟೆಯನ್ನು ನೋಡಿದಳು. ಸಣ್ಣಗೆ ಉದ್ದಕ್ಕೆ ಬೆಳೆದಿದ್ದ ಈ ಹುಡುಗಿ ಮನೆಯವರಿಗೂ ಶಾಲೆಯವರಿಗೂ ಕಡ್ಡಿಯೇ. ಶಾಲೆಯ ಮೇಳದಲ್ಲಿ ಅವಳ ತರಗತಿಯ ಹುಡುಗಿಯರು ತಿಂಡಿ ಮಳಿಗೆ ಹಾಕುವವರಿದ್ದರು. ಅದಕ್ಕೆ ಏಪ್ರನ್ ಹೊಲಿಸಲು ಅವಳು ಚಿಕ್ಕಮ್ಮನ ಹೊಲಿಗೆ ಕೋಣೆಗೆ ಬಂದಿದ್ದಳು. ಕಾಲಿಟ್ಟಲ್ಲೆಲ್ಲ ಬಟ್ಟೆಯ ಚೂರು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು, ಮಿಷನ್ನಿನ ಪಕ್ಕದಲ್ಲಿ ಆರಿ ತಣ್ಣಗಾದ ಟೀ.

"ಯಾರ ಪ್ಯಾಂಟು ಚಿಕ್ಕಮ್ಮ?"

"ಇನ್ಯಾರದು, ನಿಮ್ಮ ಚಿಕ್ಕಪ್ಪಂದು. ಆ ಜೇಬು ಜೇಬಿನ ಖಾಕಿ ಪ್ಯಾಂಟಿಲ್ವಾ, ನೀವೆಲ್ಲ ಸಮುದ್ರಕ್ಕೆ ಹೋದ ದಿನ ಬೆಳಿಗ್ಗೆ ಅದು ಹಿಂದೆ ಹರ್ಕೊಂಡಿತ್ತು. ಹೊರಗೆ ಕಾರು ನಿಂತಿದೆ, ನಿಮ್ಮಪ್ಪ ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ದಾರೆ. ಖಾಕಿ ತುಂಡು ಎಲ್ಲಿಂದ ತರಲಿ? ಕೈಗೆ ಸಿಕ್ಕಿದ್ದು ಇದು. ಅಂಗೈಯಗಲ ಒಂದು ತೇಪೆ ಹಾಕಿ, 'ಅದೇ ಬಣ್ಣದ್ದು ಹಾಕಿದ್ದೀನಿ ರೀ, ಗೊತ್ತೇ ಆಗಲ್ಲ' ಅಂದೆ. ನಂಬಿಬಿಟ್ರು."

"ಆಮೇಲೂ ನೋಡ್ಕೊಳ್ಳಲಿಲ್ವಾ?"

"ಯಾವ ಗಂಡಸು ತನ್ನ ಹಿಂದುಗಡೆ ನೋಡ್ಕೋತಾನೆ ಹೇಳು. ಒಗೆಯೋಳು ನಾನು, ಮಡಚೋಳು ನಾನು. ತೇಪೆ ಒಳಗೆ ಹೋಗೋ ಹಾಗೆ ಮಡಚಿಡ್ತೀನಿ. ನಿಂತಿದ್ರೆ ಅಂಗಿ ಮುಚ್ಚಿರುತ್ತೆ. ಬಾಗಿದ್ರೆ ಮಾತ್ರ ಕಾಣೋದು."

ಬಾಗಿದರೆ ಮಾತ್ರ. ಕಡ್ಡಿಯ ಬೆನ್ನು ತಾನಾಗಿ ನೆಟ್ಟಗಾಯಿತು.

ಆ ಸಮುದ್ರದ ದಿನ ಅವಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಮನೆಯವರು ಸಮುದ್ರಕ್ಕೆ ಹೋದದ್ದು ಅವಳ ಸಲುವಾಗಿಯೇ. ಶಾಲೆಯ ಕ್ಯಾಮೆರಾ ಸಂಘಕ್ಕೆ ಸೇರಬೇಕಾದರೆ ತಾನೇ ತೆಗೆದ ಒಂದು ಫೋಟೊ ಕೊಡಬೇಕು ಎಂದು ಡ್ರಾಯಿಂಗ್ ಮೇಷ್ಟ್ರು ಹೇಳಿದ್ದರು. ಪೇಟೆಯಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಚಿಕ್ಕಪ್ಪ, "ಒಂದಲ್ಲ, ನೂರು ತೆಗೆಸ್ತೀನಿ ನಡಿ," ಎಂದು ಎಲ್ಲರನ್ನೂ ಕಾರಿಗೆ ಹತ್ತಿಸಿದ್ದ. ಚಿಕ್ಕಮ್ಮನೊಬ್ಬಳು ಹೊಲಿಗೆ ಬಾಕಿಯಿದೆ ಎಂದು ಉಳಿದಿದ್ದಳು. ದಂಡೆ ಮುಟ್ಟಿದ ಮೇಲೆ ಅಪ್ಪ ಟವೆಲ್ಲಿನಿಂದ ಮುಖ ಮುಚ್ಚಿ ಮಲಗಿಬಿಟ್ಟ. ಅಮ್ಮ, "ಈ ಮರಳು ಕಿವಿಯೊಳಗೂ ಹೋಗುತ್ತಲ್ಲ," ಎಂದು ಗೊಣಗುತ್ತ, ತನಗೆ ಬಿಟ್ಟು ಬುತ್ತಿಯ ಡಬ್ಬಿಗೆ ಕೊಡೆ ಹಿಡಿದು ಕೂತಳು.

ಚಿಕ್ಕಪ್ಪ ಅಲೆಯ ಅಂಚಿನಲ್ಲಿ ಬಾಗಿ ಬಾಗಿ ಫೋಟೊ ತೆಗೆದ. ಲೆನ್ಸಿನ ಮುಚ್ಚಳವನ್ನು ಅಂಗಿಯ ಮೇಲು ಜೇಬಿಗೆ ಹಾಕಿಕೊಳ್ಳುವುದು ಅವನ ಅಭ್ಯಾಸ. ಬಾಗಿದ ಕೂಡಲೇ ಜೇಬಿನಿಂದ ಉದುರುವುದು ಮುಚ್ಚಳದ ಅಭ್ಯಾಸ. ಅವತ್ತೂ ಉದುರಿತು, ಅಲೆ ಎಳೆದುಕೊಂಡಿತು. ಚಿಕ್ಕಪ್ಪ ಕ್ಯಾಮೆರಾವನ್ನು ಕಡ್ಡಿಯ ಕೈಗೆ ತುರುಕಿ, "ನೀರು ತಾಗಿಸಬೇಡ," ಎಂದು ಹೇಳಿ, ಮೊಣಕಾಲುದ್ದ ನೀರಿಗೆ ಇಳಿದ. ಒಂದು ಕೈಯನ್ನು ಮಂಡಿಯ ಮೇಲಿಟ್ಟು, ಇನ್ನೊಂದರಲ್ಲಿ ಮರಳು ಕೆದಕತೊಡಗಿದ.

ಆಗ ಮೋಡ ಸರಿದು ಇಳಿಬಿಸಿಲು ನೀರಿನ ಮೇಲೆ ಅಡ್ಡಕ್ಕೆ ಬಿತ್ತು. ಒದ್ದೆ ಮರಳು ಉಜ್ಜಿ ಇಟ್ಟ ತಟ್ಟೆಯ ಹಾಗೆ ಹೊಳೆಯಿತು. ಬಾಗಿದ ಮನುಷ್ಯನ ಅಂಗಿ ಗಾಳಿಗೆ ತಲೆಯ ಮೇಲೆ ಹಾರಿ, ಮುಖವಿಲ್ಲದ ಬರೀ ಒಂದು ಆಕಾರ ಉಳಿಯಿತು. ಆ ಆಕಾರದಲ್ಲಿ ಒಂದೇ ಒಂದು ನೀಲಿ ಚುಕ್ಕೆ. ಕಡ್ಡಿ ಉಸಿರು ಹಿಡಿದು ಗುಂಡಿ ಒತ್ತಿದಳು. ಪುಟ್ಟ ಪರದೆಯಲ್ಲಿ ಚಿತ್ರ ಮೂಡಿದಾಗ ಅವಳ ಕತ್ತಿನ ಹಿಂದೆ ಜುಮ್ಮೆಂದಿತು. ಒಳ್ಳೆಯದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಸ್ಟುಡಿಯೊಗೆ ಓಡಿ ಹೋದಾಗ ಚಿಕ್ಕಪ್ಪ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದ್ದ: "ನೀನು ತೆಗೆದದ್ದೆಲ್ಲ ಅಲ್ಲಾಡಿದೆ ಕಣೆ. ಒಂದೂ ಬಂದಿಲ್ಲ. ಅಳಿಸಿಬಿಟ್ಟೆ."

ಕೊಡಲು ಫೋಟೊ ಇಲ್ಲದೆ ಕಡ್ಡಿ ಬರಿಗೈಯಲ್ಲಿ ನಿಂತಾಗ ಮೇಷ್ಟ್ರು, "ಎಲ್ಲರಿಗೂ ಕಣ್ಣಿರಲ್ಲಮ್ಮ. ನಿನಗೆ ಕೈಯಿದೆ. ಮೇಳದಲ್ಲಿ ಆಲೂಗಡ್ಡೆ ಹೆಚ್ಚು, ಹೋಗು," ಎಂದರು. ಇಡೀ ತರಗತಿ ನಕ್ಕಿತು.

ಅದಾದ ಮೇಲೆ ಆ ಫೋಟೊ ಪತ್ರಿಕೆಯಲ್ಲಿ ಬಂತು. 'ಚಿಪ್ಪು ಆಯುವ ಮುದುಕ' ಎಂದು ಕೆಳಗೆ ಬರೆದಿತ್ತು. ಯಾವುದೋ ದೊಡ್ಡ ಸ್ಪರ್ಧೆಯಲ್ಲಿ ಮೊದಲ ಬಹುಮಾನ, ಪಕ್ಕದಲ್ಲಿ ನಗುವ ಚಿಕ್ಕಪ್ಪ.

"ಅಪ್ಪಾ, ಇದು ನಾನು ತೆಗೆದದ್ದು. ಮುದುಕನೂ ಅಲ್ಲ ಏನೂ ಅಲ್ಲ, ಮುಚ್ಚಳ ಹುಡುಕ್ತಿರೋ ಚಿಕ್ಕಪ್ಪ."

ಅಪ್ಪ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. "ಹಿಂದಿನಿಂದ ನೋಡಿದ್ರೆ ಎಲ್ಲ ಗಂಡಸರೂ ಒಂದೇ ಥರ ಕಣಮ್ಮ. ಬಿಡು ಅತ್ಲಾಗೆ. ನಿನಗೆ ಸೈಕಲ್ ಕೊಡಿಸಿದೋನು ಅವನು."

ಮೇಷ್ಟ್ರಿಗೂ ಹೇಳಿದಳು. "ಹೊಟ್ಟೆಕಿಚ್ಚು ಒಳ್ಳೇದಲ್ಲ," ಎಂದು ಅವರು ಚಿಕ್ಕಪ್ಪನನ್ನು ಮೇಳದ ಫೋಟೊ ಪ್ರದರ್ಶನಕ್ಕೆ ಮುಖ್ಯ ಅತಿಥಿಯಾಗಿ ಕರೆದರು.

ಇದರಲ್ಲಿ ಒಂದು ವಿಚಿತ್ರವಿತ್ತು. ಚಿಕ್ಕಪ್ಪ ಕದ್ದದ್ದೇನೋ ನಿಜ, ಆದರೆ ಕದ್ದದ್ದರಲ್ಲಿ ಇರುವವನು ತಾನೇ ಎಂದು ಅವನಿಗೆ ತಿಳಿದಿರಲಿಲ್ಲ. ಸ್ಟುಡಿಯೊದ ಕನ್ನಡಿಯಲ್ಲಿ ದಿನವೂ ಮುಖ ನೋಡಿಕೊಳ್ಳುವವನಿಗೆ ತನ್ನ ಬೆನ್ನಿನ ಗುರುತು ಎಲ್ಲಿಂದ ಸಿಗಬೇಕು? ಕಡ್ಡಿಗಾದರೋ ಅದು ಯಾರೆಂದು ಗೊತ್ತು, ತೋರಿಸಲು ಮಾತ್ರ ಏನೂ ಇರಲಿಲ್ಲ. ಆ ನೀಲಿ ಚುಕ್ಕೆಯನ್ನು ಅವಳು ಜೇಬಿನಿಂದ ಇಣುಕಿದ ಕರವಸ್ತ್ರ ಎಂದುಕೊಂಡಿದ್ದಳು.

ಈಗ ಅದು ಅವಳ ಬೆರಳ ಕೆಳಗೆ ಮೀಟರುಗಟ್ಟಲೆ ಬಿದ್ದಿತ್ತು.

"ಏಪ್ರನ್ ಇದರಲ್ಲೇ ಹೊಲಿ ಚಿಕ್ಕಮ್ಮ. ಎಲ್ಲರಿಗೂ."

"ಬಿಳಿ ಚೆನ್ನಾಗಿರಲ್ವೇನೆ? ನೋಡೋಕೆ ಲಕ್ಷಣವಾಗಿರುತ್ತೆ."

"ಬಿಳಿ ಮೇಲೆ ಎಣ್ಣೆ ಕಲೆ ಕಾಣುತ್ತೆ."

"ಅದೂ ಹೌದು ಅನ್ನು. ನೋಡು, ನಿನ್ನ ವಯಸ್ಸಲ್ಲಿ ನನಗೆ ಇಷ್ಟು ಬುದ್ಧಿ ಇರಲಿಲ್ಲ," ಎಂದು ಚಿಕ್ಕಮ್ಮ ಹೆಮ್ಮೆಯಿಂದ ಕತ್ತರಿ ಹಿಡಿದಳು. ಕಡ್ಡಿ ಆ ಕೈಗಳನ್ನು ನೋಡಿದಳು. ಚಿಕ್ಕಂದಿನಿಂದ ಅವಳ ಒಂದೊಂದು ಲಂಗವನ್ನೂ ಹೊಲಿದ ಕೈಗಳು ಇವು. ಹೇಳಿಬಿಡಲೇ ಎನಿಸಿತು. ಆದರೆ ಅಷ್ಟರಲ್ಲಿ 'ಅಳಿಸಿಬಿಟ್ಟೆ' ಎಂಬ ಮಾತು, ತಲೆ ಎತ್ತದೆ ಆಡಿದ ಆ ಮಾತು, ಕಿವಿಯಲ್ಲಿ ಮತ್ತೆ ಕೇಳಿತು. ಕತ್ತರಿ ಬಟ್ಟೆಯೊಳಗೆ ಕಚಕ್ಕೆಂದು ನಡೆಯಿತು. ಅವಳು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಟ್ಟಳು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅವಳು ಸ್ಟುಡಿಯೊಗೆ ಹೋದಳು. ಚಿಕ್ಕಪ್ಪ ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ. ಮೇಳಕ್ಕೆಂದು ಇಸ್ತ್ರಿ ಮಾಡಿಸಿದ ಕೋಟು ಗೋಡೆಯಲ್ಲಿ ನೇತಾಡುತ್ತಿತ್ತು.

"ಕೋಟು ಹಾಕ್ಕೊಂಡು ಬರ್ತೀರಾ ಚಿಕ್ಕಪ್ಪ?"

"ಮತ್ತೆ? ಮುಖ್ಯ ಅತಿಥಿ ಅಂದ್ರೆ ಏನಂದ್ಕೊಂಡೆ."

"ಹಾಕ್ಕೊಳ್ಳಿ, ಚೆನ್ನಾಗಿದೆ. ಅಲ್ಲ, ಮೇಷ್ಟ್ರೂ ಕೋಟಲ್ಲೇ ಬರ್ತಾರೆ, ಬ್ಯಾಂಕಿನ ಮ್ಯಾನೇಜರೂ ಕೋಟಲ್ಲೇ ಬರ್ತಾರೆ. ಯಾರು ಯಾರು ಅಂತ ಗೊತ್ತಾಗಬೇಕಲ್ಲ ಅಂದೆ ಅಷ್ಟೆ. ಆ ಜೇಬಿನ ಪ್ಯಾಂಟಲ್ಲಿ ನೀವು ಬಂದ್ರೆ ನಮ್ಮ ಕ್ಲಾಸಿನವರು ಯಾರೋ ಪತ್ರಿಕೆಯೋರು ಬಂದ್ರು ಅಂತಾರೆ."

ಚಿಕ್ಕಪ್ಪನ ಕತ್ತರಿ ನಿಂತಿತು. "ಹಂಗಂತಾರಾ?"

"ಕ್ಯಾಮೆರಾನೂ ಕುತ್ತಿಗೇಲಿದ್ರೆ ಕೇಳೋದೇ ಬೇಡ."

ಹಚ್ಚಿದ ಬೆಣ್ಣೆ ಚಿಕ್ಕಪ್ಪನ ಮುಖದ ಮೇಲೆ ಹೊಳೆಯಿತು. "ನಿನಗೆ ನನ್ನ ಮೇಲೆ ಏನೋ ಕೋಪ ಅಂತ ನಿಮ್ಮಪ್ಪ ಅಂತಿದ್ದ," ಎಂದ ಮೆಲ್ಲಗೆ.

"ಕೋಪ ಎಲ್ಲಿಂದ ಬರಬೇಕು ಚಿಕ್ಕಪ್ಪ. ಅಲ್ಲಾಡಿದ ಫೋಟೊಗೆಲ್ಲ ಯಾರಾದ್ರೂ ಕೋಪ ಮಾಡ್ಕೋತಾರಾ?"

ಮೇಳದ ದಿನ ಮಳಿಗೆಯ ಹುಡುಗಿಯರು ಕಡ್ಡಿಯ ಮೇಲೆ ಹರಿಹಾಯ್ದರು. ಎಲ್ಲರೂ ಗೇಟಿನ ಹತ್ತಿರ ಜಾಗ ಹಿಡಿದಿದ್ದರೆ ಇವಳು ಜಗಲಿಯ ಕೊನೆಗೆ, ಫೋಟೊ ಪ್ರದರ್ಶನದ ಎದುರಿಗೆ ಮೇಜು ಹಾಕಿಸಿದ್ದಳು.

"ಫೋಟೊ ನೋಡೋಕೆ ಬರೋರು ಆಲೂಗಡ್ಡೆ ತಿಂತಾರೇನೆ?"

"ತಿಂತಾರೆ. ಇವತ್ತು ತಿಂತಾರೆ," ಎಂದಳು ಕಡ್ಡಿ, ಬಾಣಲೆಗೆ ಎಣ್ಣೆ ಸುರಿಯುತ್ತ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ ಕಾದ ಎಣ್ಣೆಗೆ ಬಿದ್ದು ಚುರ್ ಎಂದಿತು. ಅವಳ ಹೋಳುಗಳು ಒಂದರ ಹಾಗೆ ಒಂದಿದ್ದವು. ಕೈಯಿದೆ ಎಂದು ಮೇಷ್ಟ್ರು ಸುಮ್ಮನೆ ಹೇಳಿರಲಿಲ್ಲ. ಪಕ್ಕದ ಬಕೆಟ್ಟಿನಲ್ಲಿ ನಿಂಬೆ ಶರಬತ್ತು, ಅದರಲ್ಲಿ ತೇಲುವ ಐಸು. ಅದರ ಹಿಂದೆ ನೀಲಿ ಚೌಕಳಿಯ ಏಪ್ರನ್ ಕಟ್ಟಿದ ಹುಡುಗಿಯರ ಸಾಲು.

ಎದುರಿನ ಜಗಲಿಯಲ್ಲಿ ಸ್ಟ್ಯಾಂಡಿನ ಮೇಲೆ ಆಳೆತ್ತರದ 'ಚಿಪ್ಪು ಆಯುವ ಮುದುಕ' ನಿಂತಿದ್ದ. ಪತ್ರಿಕೆಯಲ್ಲಿ ಸಾಸಿವೆಯಷ್ಟಿದ್ದ ನೀಲಿ ಚುಕ್ಕೆ ಇಲ್ಲಿ ಅಂಗೈಯಗಲವಾಗಿತ್ತು. ಆದರೂ ಯಾರೂ ಏಪ್ರನ್ನನ್ನೂ ಅದನ್ನೂ ಜೋಡಿಸಲಿಲ್ಲ. ಕಲೆಯನ್ನು ನೋಡಲು ಬಂದವರು ಆಲೂಗಡ್ಡೆಯವರ ಬಟ್ಟೆ ಏಕೆ ನೋಡುತ್ತಾರೆ?

ಚಿಕ್ಕಪ್ಪ ಖಾಕಿ ಪ್ಯಾಂಟಿನಲ್ಲಿ, ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಬಂದ. ಅಂಗಿ ಹಿಂದೆ ಉದ್ದಕ್ಕೆ ಇಳಿಬಿದ್ದಿತ್ತು. ಮೈಕು ಕೈಗೆ ಬಂದದ್ದೇ ತಡ, ಅವನನ್ನು ಹಿಡಿಯುವವರಿರಲಿಲ್ಲ.

"ಈ ಮುದುಕನ ಜೊತೆ ದಂಡೆ ಮೇಲೆ ಕೂತು ಟೀ ಕುಡಿದೆ. ಚಿಪ್ಪು ಮಾರಿ ಮೊಮ್ಮಕ್ಕಳನ್ನ ಓದಿಸ್ತಾನಂತೆ. ನನಗೆ ಕಣ್ಣಲ್ಲಿ ನೀರು ಬಂತು. ಇಲ್ಲಿ ನೋಡಿ, ಈ ನೀಲಿ. ಈ ಒಂದು ನೀಲಿಗಾಗಿ ನಾನು ಇಡೀ ದಿನ ಕಾದಿದ್ದೀನಿ. ಬಡತನದ ಮಧ್ಯೆಯೂ ಮನುಷ್ಯನಿಗೆ ಒಂದು ಆಸೆ ಅಂತ ಇರುತ್ತಲ್ಲ, ಅದು ಈ ನೀಲಿ."

ಮುಂದಿನ ಸಾಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಕಡ್ಡಿ ಹೋಳುಗಳನ್ನು ಮಗುಚಿ ಹಾಕಿದಳು. ಟೀ ಕುಡಿದದ್ದು ಅವಳ ಲೆಕ್ಕದಲ್ಲಿರಲಿಲ್ಲ. ಅದು ಅವನೇ ತಂದುಕೊಟ್ಟ ಉಡುಗೊರೆ.

ಚಪ್ಪಾಳೆ ಮುಗಿದು ಜನ ಚಿತ್ರದ ಮುಂದೆ ಗುಂಪುಗೂಡಿದಾಗ ಅವಳು ಕೂಗಿದಳು. "ಚಿಕ್ಕಪ್ಪಾ, ನಮ್ಮ ಮಳಿಗೇದೂ ಒಂದು ಫೋಟೊ ತೆಗೀರಿ. ಈ ತಟ್ಟೆ ಮುಂದೆ ಬರಲಿ, ನಾವೆಲ್ಲ ಹಿಂದೆ ನಿಂತಿರ್ತೀವಿ."

ತಟ್ಟೆಯನ್ನು ಅವಳು ಮೇಜಿನ ಮೇಲಿಟ್ಟಿರಲಿಲ್ಲ. ಮೇಜಿನ ಮುಂದೆ, ನೆಲಕ್ಕೆ ಹತ್ತಿರವಾಗಿ, ಒಂದು ಗಿಡ್ಡ ಮಣೆಯ ಮೇಲಿಟ್ಟಿದ್ದಳು.

"ಹೀಗಾದ್ರೆ ಕೆಳಗಿಂದಲೇ ತೆಗೀಬೇಕು," ಎಂದು ಚಿಕ್ಕಪ್ಪ ಗುಂಪಿಗೆ ಕೇಳುವ ಹಾಗೆ ಹೇಳಿದ. ಲೆನ್ಸಿನ ಮುಚ್ಚಳ ತೆಗೆದು ಮೇಲು ಜೇಬಿಗೆ ಹಾಕಿಕೊಂಡ. ಚಿತ್ರದ ಪಕ್ಕಕ್ಕೆ ಹಿಂದೆ ಸರಿದು ನಿಂತು ಬಾಗಿದ.

ಒಂದು ಫೋಟೊ ಆಯಿತು. ಇನ್ನೂ ಬಾಗಿದ. ಮುಚ್ಚಳ ಜೇಬಿನಿಂದ ಜಾರಿತು, ಕಲ್ಲಿನ ನೆಲದ ಮೇಲೆ ಚಕ್ರದ ಹಾಗೆ ಉರುಳಿಕೊಂಡು ಬಂದು ಮೇಜಿನ ಕೆಳಗೆ ನುಗ್ಗಿತು. ಕಡ್ಡಿ ನೋಡದೆಯೇ ಅದರ ಮೇಲೆ ಪಾದವಿಟ್ಟಳು.

"ಅಯ್ಯೋ, ನನ್ನ ಕ್ಯಾಪು," ಎಂದ ಚಿಕ್ಕಪ್ಪ. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈ ನೆಲದ ಮೇಲೆ. ಅಂಗಿ ಬೆನ್ನಿನ ಮೇಲಕ್ಕೆ ಸರಿಯಿತು.

ಗುಂಪಿನಲ್ಲಿ ಯಾರೋ ಕೆಮ್ಮಿದರು. ಇನ್ನಾರೋ ಚಿತ್ರ ನೋಡಿದರು, ಚಿಕ್ಕಪ್ಪನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಯಾರಾದರೂ ಹೇಳಲಿ ಎಂದು ಕಡ್ಡಿ ಕಾದಳು. ಹೇಳಿದ್ದು ಅವಳು ನೆನೆಸಿರದ ಧ್ವನಿ.

"ರೀ, ಇದು ನೀವೇ ಅಲ್ವೇನ್ರೀ?"

ಚಿಕ್ಕಮ್ಮ ಕೊನೆಯ ಏಪ್ರನ್ನಿಗೆ ದಾರ ಹಾಕಿ ತಂದಿದ್ದಳು. ಅದನ್ನು ತೋಳಿನ ಮೇಲೆ ಹಾಕಿಕೊಂಡೇ ಚಿತ್ರದ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ. ಇಲ್ಲಿ ನೋಡಿ, ಅವಸರದಲ್ಲಿ ಮೂಲೆ ಓರೆಯಾಗಿತ್ತು, ಇಲ್ಲೂ ಓರೆ ಇದೆ. ಅಲ್ಲೂ ಓರೆ ಇದೆ," ಎಂದು ಗಂಡನ ಹಿಂಭಾಗಕ್ಕೆ ಬೆರಳು ತೋರಿಸಿದಳು.

ಮೊದಲು ನಕ್ಕವರು ಮಳಿಗೆಯ ಹುಡುಗಿಯರು. ಅವರು ತಮ್ಮ ಏಪ್ರನ್ ನೋಡಿಕೊಂಡರು, ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ನಗು ಜಗಲಿಯ ಉದ್ದಕ್ಕೂ ಹಬ್ಬಿತು. ಚಿಕ್ಕಪ್ಪ ಎದ್ದು ನಿಂತು ಎರಡೂ ಕೈಗಳನ್ನು ಹಿಂದೆ ಒಯ್ದು ಮುಟ್ಟಿ ನೋಡಿಕೊಂಡ. ಮುಟ್ಟಿದರೆ ಬಣ್ಣ ತಿಳಿಯುವುದಿಲ್ಲವಲ್ಲ. ತಿರುಗಿ ಚಿತ್ರ ನೋಡಿದ. ಅವನ ಮುಖದಿಂದ ರಕ್ತ ಇಳಿಯುವುದನ್ನು ಕಡ್ಡಿ ಕಣ್ಣು ಮಿಟುಕಿಸದೆ ನೋಡಿದಳು. ಇದಕ್ಕಾಗಿಯೇ ಅವಳು ಕಾದಿದ್ದಳು.

ಚಿಕ್ಕಮ್ಮ ಮಾತ್ರ ನಗಲಿಲ್ಲ. ನಿಧಾನವಾಗಿ ಕೇಳಿದಳು. "ನೀರಲ್ಲಿ ಬಾಗಿರೋರು ನೀವಾದ್ರೆ, ಫೋಟೊ ತೆಗೆದೋರು ಯಾರು?"

"ಟೈಮರ್," ಎಂದ ಚಿಕ್ಕಪ್ಪ. "ಟೈಮರ್ ಹಾಕಿ ಇಟ್ಟಿದ್ದೆ. ಕ್ಯಾಮೆರಾ ತಾನೇ ತೆಗೆಯುತ್ತೆ. ಎಲ್ಲರಿಗೂ ಗೊತ್ತಿರೋದೇ."

"ಹಾಗಾದ್ರೆ ಚಿಕ್ಕಪ್ಪ," ಎಂದಳು ಕಡ್ಡಿ, ಸೌಟು ಕೆಳಗಿಟ್ಟು, "ನೀವು ಟೀ ಕುಡಿದದ್ದು ಯಾರ ಜೊತೆ?"

ನಗು ಈ ಸಲ ಸಿಡಿಯಿತು. ಬ್ಯಾಂಕಿನ ಮ್ಯಾನೇಜರು ಶರಬತ್ತು ಮೂಗಿಗೆ ಹತ್ತಿ ಕೆಮ್ಮುತ್ತ ಕಂಬ ಹಿಡಿದರು. ಹಿಂದಿನಿಂದ ಯಾರೋ, "ಪಾಪ, ಮೊಮ್ಮಕ್ಕಳು ಹೇಗಿದ್ದಾರೆ ಸಾರ್?" ಎಂದು ಕೇಳಿದರು.

ಡ್ರಾಯಿಂಗ್ ಮೇಷ್ಟ್ರು ಜನರನ್ನು ಸರಿಸಿಕೊಂಡು ಮಳಿಗೆಗೆ ಬಂದರು. ಕಣ್ಣೊರೆಸಿದ ಕರವಸ್ತ್ರ ಇನ್ನೂ ಕೈಯಲ್ಲಿತ್ತು. "ನೀನೇ ತೆಗೆದದ್ದಾ? ಮೊದಲೇ ಯಾಕೆ ಹೇಳಲಿಲ್ಲಮ್ಮ?"

"ಹೇಳಿದ್ದೆ ಸಾರ್. ಹೊಟ್ಟೆಕಿಚ್ಚು ಅಂದ್ರಿ." ಅವಳು ಒಂದು ತಟ್ಟೆ ಮುಂದೆ ನೂಕಿದಳು. "ತಗೊಳ್ಳಿ, ಬಿಸಿಯಿದೆ. ಕೈಯಲ್ಲೇ ಹೆಚ್ಚಿದ್ದು."

ಮೇಷ್ಟ್ರು ಕರವಸ್ತ್ರವನ್ನು ಜೇಬಿಗೆ ತುರುಕಿ ತಟ್ಟೆ ತೆಗೆದುಕೊಂಡರು.

ಚಿಕ್ಕಮ್ಮ ತೋಳಿನ ಮೇಲಿದ್ದ ಏಪ್ರನ್ ಬಿಡಿಸಿದಳು. ಗಂಡನ ಸೊಂಟಕ್ಕೆ ಹಿಂದುಮುಂದಾಗಿ, ಬಟ್ಟೆ ಹಿಂದೆ ಬರುವ ಹಾಗೆ ಕಟ್ಟಿ, ಮುಂದೆ ಗಂಟು ಬಿಗಿದಳು. ತೇಪೆ ಮುಚ್ಚಿತು, ಈಗ ಅವನ ಹಿಂಭಾಗವೆಲ್ಲ ನೀಲಿ ಚೌಕಳಿಯಾಯಿತು. ಆಮೇಲೆ ಅವಳು ಕಡ್ಡಿಯ ಕಡೆ ತಿರುಗಿದಳು. "ಬಿಳಿ ಮೇಲೆ ಎಣ್ಣೆ ಕಲೆ ಕಾಣುತ್ತೆ ಅಂದೆ ನೀನು."

ಕಡ್ಡಿಯ ಕಣ್ಣು ಮೊದಲ ಸಲ ಕೆಳಗಾಯಿತು. "ಕಾಣುತ್ತೆ ಚಿಕ್ಕಮ್ಮ."

"ನಿಜ ಹೇಳಿದ್ರೂ ಹೊಲಿದು ಕೊಡ್ತಿದ್ದೆ ಕಣೆ. ಇನ್ನೂ ದೊಡ್ಡ ಚೌಕಳಿ ಇತ್ತು ಮನೇಲಿ," ಎಂದಳು ಚಿಕ್ಕಮ್ಮ. ಗಂಡನಿಗೆ, "ಹೋಗಿ. ಮೈಕು ಖಾಲಿ ಇದೆ," ಎಂದಳು.

ಚಿಕ್ಕಪ್ಪ ಹೋದ. ಹಿಂದೆ ಏಪ್ರನ್ ಬಾಲದ ಹಾಗೆ ಆಡಿತು. ಮೈಕಿನಲ್ಲಿ ಅವನು ಹೇಳಿದ್ದು ಬಹಳ ಸಣ್ಣದು: ಫೋಟೊ ತೆಗೆದದ್ದು ತನ್ನ ಅಣ್ಣನ ಮಗಳು, ಮುದುಕ ಯಾರೂ ಇಲ್ಲ, ಟೀಯೂ ಇಲ್ಲ. ಡ್ರಾಯಿಂಗ್ ಮೇಷ್ಟ್ರೇ ಹೋಗಿ ಚಿತ್ರದ ಕೆಳಗಿನ ಬಂಗಾರದ ಅಕ್ಷರದಲ್ಲಿದ್ದ ಚಿಕ್ಕಪ್ಪನ ಹೆಸರನ್ನು ಉಗುರಿನಿಂದ ಕೆರೆದು ತೆಗೆದರು.

ಅಪ್ಪ ಎಲ್ಲಿಂದಲೋ ಬಂದು ಮಳಿಗೆಯ ಮುಂದೆ ನಿಂತ. ಆಲೂಗಡ್ಡೆ ಕೇಳಿದ. ಕಡ್ಡಿ ಅವನಿಗೆ ಉಪ್ಪು ಹಾಕದೆ ಕೊಟ್ಟಳು. ಅವನು ಅದನ್ನೂ ಪೂರ್ತಿ ತಿಂದ.

ಜನ ಚದುರಿದ ಮೇಲೆ ಚಿಕ್ಕಪ್ಪ ಕ್ಯಾಮೆರಾ ತೆಗೆದುಕೊಳ್ಳಲು ಬಂದ. ಮೇಜಿಗೆ ಒರಗಿ ಧ್ವನಿ ತಗ್ಗಿಸಿದ. "ಇದನ್ನ ಮನೆಯೊಳಗೇ ಮುಗಿಸಬಹುದಿತ್ತಲ್ವಾ?"

"ನೀವೂ ನನ್ನ ಫೋಟೊನ ಮನೆಯೊಳಗೇ ಕೊಡಬಹುದಿತ್ತು ಚಿಕ್ಕಪ್ಪ."

"ಆಯ್ತಲ್ಲ. ಹೇಳಿದೆನಲ್ಲ ಮೈಕಲ್ಲಿ. ಹೊಟ್ಟೆ ತಣ್ಣಗಾಯ್ತಾ ಈಗ?"

ಕಡ್ಡಿ ನಿಜವಾಗಿಯೂ ಯೋಚಿಸಿ ನೋಡಿದಳು. "ಇನ್ನೂ ಸ್ವಲ್ಪ ಬಿಸಿಯಿದೆ," ಎಂದಳು.

ಅವನು ನಿಟ್ಟುಸಿರು ಬಿಟ್ಟು ಜೇಬು ತಡವಿದ. "ನನ್ನ ಕ್ಯಾಪ್ ನೋಡಿದ್ಯಾ?"

"ಇಲ್ಲೇ ಎಲ್ಲೋ ಉರುಳ್ತಪ್ಪ. ಹುಡುಕಿ."

ಚಿಕ್ಕಪ್ಪ ಒಂದು ಕೈ ಮಂಡಿಯ ಮೇಲಿಟ್ಟು ಬಾಗಿದ. ಕಡ್ಡಿ ಪಾದ ಕದಲಿಸದೆ ಮೇಜಿನ ಮೇಲಿನ ಕ್ಯಾಮೆರಾವನ್ನು ಎತ್ತಿಕೊಂಡಳು. ಉಸಿರು ಹಿಡಿದು ಗುಂಡಿ ಒತ್ತಿದಳು. ಆಮೇಲೆ ಕ್ಯಾಮೆರಾದ ಅಡಿಯ ಪುಟ್ಟ ಬಾಗಿಲು ತೆರೆದು, ಫೋಟೊ ಉಳಿಯುವ ಕಾರ್ಡನ್ನು ಹೊರಗೆಳೆದು, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.